ಪಶ್ಚಾತ್ತಾಪಕ್ಕೆ ಕಣ್ಣೀರು ಸಾಕೆ?

"ಕ್ರೈಸ್ತರದ್ದು ಸುಲಭ ಬಿಡಿ. ವಾರವಿಡೀ ಏನು ಬೇಕಾದರೂ ಮಾಡಿ ಭಾನುವಾರ ಪಾದ್ರಿಯ ಕಿವಿಯಲ್ಲಿ ಹೇಳಿಬಿಟ್ಟರೆ ಲೆಕ್ಕ ಚುಕ್ತಾ." ದಾವಣಗೆರೆಯ ಹೋಟೆಲುಗಳಲ್ಲಿ, ಮಸೀದಿಯ ಮುಂದಿನ ಕಟ್ಟೆಗಳಲ್ಲಿ, ಕೆಲವೊಮ್ಮೆ ಭಾಷಣದ ವೇದಿಕೆಗಳಲ್ಲಿ ಕೂಡ ಈ ಮಾತು ಕೇಳಿಬರುತ್ತದೆ. ಹೇಳುವವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರೂ ಇದ್ದಾರೆ. ನಗು ತರಿಸುವ ಮಾತಾದ್ದರಿಂದ ಬೇಗ ಹರಡುತ್ತದೆ. ಆದರೆ ಈ ಮಾತಿಗೆ ಎರಡು ದೋಷಗಳಿವೆ. ಒಂದು, ಇದು ಸತ್ಯವಲ್ಲ. ಎರಡು, ಇದನ್ನು ಹೇಳಿ ನಗುವವನಿಗೆ ತನ್ನ ಮನೆಯ ಲೆಕ್ಕ ಮರೆತುಹೋಗುತ್ತದೆ. ಎರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕಾರಿ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಪದಗಳನ್ನು ನೋಡೋಣ. ಕನ್ನಡ ಶಾಲೆಯಲ್ಲಿ ನಾವು ಕಲಿತ ಪದ 'ಪಶ್ಚಾತ್ತಾಪ'. ಪಶ್ಚಾತ್ ಎಂದರೆ ಆಮೇಲೆ, ತಾಪ ಎಂದರೆ ಬೇಗೆ. ತಪ್ಪು ಮಾಡಿದ ಮೇಲೆ ಒಡಲೊಳಗೆ ಹತ್ತಿಕೊಳ್ಳುವ ಬೇಗೆ. ಉರ್ದು ಶಾಲೆಯಲ್ಲಿ ಕಲಿತ ಪದ 'ತೌಬಾ'. ಅರಬಿಯಲ್ಲಿ ಅದರ ಮೂಲ ಅರ್ಥ ಹಿಂತಿರುಗುವುದು. ಯಹೂದಿಗಳ ಹೀಬ್ರೂ ಭಾಷೆಯ 'ತೆಶುವಾ' ಎಂಬ ಪದಕ್ಕೂ ಹಿಂತಿರುಗುವುದು ಎಂದೇ ಅರ್ಥ. ಕ್ರೈಸ್ತರ ಹೊಸ ಒಡಂಬಡಿಕೆಯ ಭಾಷೆಯಾದ ಗ್ರೀಕಿನಲ್ಲಿ 'ಮೆಟನೋಯಾ', ಅಂದರೆ ಮನಸ್ಸಿನ ಮಾರ್ಪಾಡು. ಕನ್ನಡ ಕ್ರೈಸ್ತರ ಬಳಕೆಯಲ್ಲಿ ಇದಕ್ಕೆ 'ಮಾನಸಾಂತರ' ಎಂಬ ಚೆಂದದ ಪದವೂ ಇದೆ. ಬೇಗೆಯನ್ನು ಕೋಣೆಯಲ್ಲಿ ಒಬ್ಬರೇ ಕುಳಿತು ಅನುಭವಿಸಬಹುದು. ಹಿಂತಿರುಗಬೇಕಾದರೆ ಎದ್ದು ನಡೆಯಬೇಕು. ನಡೆದು ಎಲ್ಲಿಗೆ ಹೋಗಬೇಕು? ದೇವರ ಕಡೆಗೆ ಎಂದು ಎಲ್ಲ ಧರ್ಮಗಳೂ ಹೇಳುತ್ತವೆ. ಆದರೆ ಆ ದಾರಿ ನಮ್ಮಿಂದ ಅನ್ಯಾಯಕ್ಕೊಳಗಾದವರ ಮನೆಯ ಬಾಗಿಲನ್ನು ಹಾದೇ ಹೋಗುತ್ತದೆ. ಆ ಬಾಗಿಲನ್ನು ತಪ್ಪಿಸಿ ದೇವರನ್ನು ಮುಟ್ಟಲು ಬೇರೆ ಒಳದಾರಿ ಇಲ್ಲ. ಇದನ್ನೇ ಇಲ್ಲಿ ವಾದಿಸಬೇಕೆಂದಿದ್ದೇವೆ.

ದಾವಣಗೆರೆಗೆ ಹತ್ತಿರದ ಹರಿಹರ ತುಂಗಭದ್ರೆಯ ದಡದ ಊರು. ಹರಿ ಮತ್ತು ಹರ ಒಂದೇ ವಿಗ್ರಹದಲ್ಲಿ ಅರ್ಧರ್ಧವಾಗಿ ನಿಂತಿರುವ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ಕಟ್ಟಲಾಯಿತು. ಅದೇ ಊರಿನಲ್ಲಿ ಕ್ಯಾಥೊಲಿಕರ ಆರೋಗ್ಯ ಮಾತೆಯ ದೇವಾಲಯವಿದೆ. ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಇದು ಈಗ ಬೆಸಿಲಿಕಾ ಎಂಬ ಗೌರವ ಪಡೆದಿದೆ. ಪ್ರತಿ ವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಜಾತಿ, ಎಲ್ಲ ಧರ್ಮಗಳ ಜನ ಅಲ್ಲಿಗೆ ಬರುತ್ತಾರೆ. ಯಾರದೋ ಮಗುವಿಗೆ ಜ್ವರ, ಯಾರದೋ ಮಗಳಿಗೆ ಮಕ್ಕಳಾಗಿಲ್ಲ. ಮೈಯ ಕಾಯಿಲೆ ವಾಸಿಯಾಗಲೆಂದು ಮೇಣದ ಬತ್ತಿ ಹಚ್ಚುತ್ತಾರೆ.

ಮನಸ್ಸಿನ ಕಾಯಿಲೆಗಾಗಿ ಕ್ರೈಸ್ತರು ಇಟ್ಟುಕೊಂಡಿರುವ ಕಾಲ ಬೇರೆ. ಅದು ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ. ವಿಭೂತಿ ಬುಧವಾರದಂದು ಅದು ಆರಂಭವಾಗುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟು ಬೂದಿ ಮಾಡಿ ಹಣೆಗೆ ಹಚ್ಚುತ್ತಾರೆ. ಮಣ್ಣಿನಿಂದ ಬಂದೆ, ಮಣ್ಣಿಗೆ ಹೋಗುತ್ತೀಯೆ ಎಂಬ ನೆನಪು ಅದು. ಉಪವಾಸ, ಪ್ರಾರ್ಥನೆ, ದಾನ, ಈ ಮೂರು ಆ ಕಾಲದ ಕಂಬಗಳು. ರಮಝಾನಿನ ಕಂಬಗಳೂ ಇವೇ ಎಂದು ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. 2025ರಲ್ಲಿ ನಮ್ಮ ದೇಶದಲ್ಲಿ ರಮಝಾನಿನ ಮೊದಲ ಉಪವಾಸ ಮಾರ್ಚ್ 2ರಂದು ಬಂತು, ವಿಭೂತಿ ಬುಧವಾರ ಮಾರ್ಚ್ 5ರಂದು. ಒಂದೇ ಊರಿನಲ್ಲಿ ಎರಡು ಸಮುದಾಯಗಳು ಸುಮಾರು ನಾಲ್ಕು ವಾರ ಒಟ್ಟಿಗೆ ಹೊಟ್ಟೆ ಕಟ್ಟಿ ಪಶ್ಚಾತ್ತಾಪದ ಮಾತಾಡಿದವು. ಒಬ್ಬರ ಪಶ್ಚಾತ್ತಾಪದ ಬಗ್ಗೆ ಇನ್ನೊಬ್ಬರಿಗೆ ತಿಳಿದಿದ್ದದ್ದು ಮಾತ್ರ ಮೇಲೆ ಹೇಳಿದ ಆ ಒಂದು ಜೋಕು.

ಹಾಗಾದರೆ ಕ್ಯಾಥೊಲಿಕರ ಪಾಪನಿವೇದನೆ ನಿಜವಾಗಿ ಏನು? ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರ ನಾಲ್ಕನೇ ಲ್ಯಾಟರನ್ ಸಭೆ ಕಡ್ಡಾಯ ಮಾಡಿತು. 1551ರಲ್ಲಿ ಟ್ರೆಂಟ್ ಸಭೆ ಅದರ ಅಂಗಗಳನ್ನು ಸ್ಪಷ್ಟಪಡಿಸಿತು. ಮೊದಲನೆಯದು ಮನಸ್ಸಿನ ನಿಜವಾದ ದುಃಖ, ಮತ್ತೆ ಮಾಡುವುದಿಲ್ಲವೆಂಬ ಸಂಕಲ್ಪ. ಎರಡನೆಯದು ಪಾಪವನ್ನು ಹೆಸರಿಸಿ ಹೇಳುವುದು. 'ನಾನು ಪಾಪಿ' ಎಂದರೆ ಸಾಲದು. ಗಂಭೀರ ಪಾಪವಾದರೆ ಯಾವುದು, ಎಷ್ಟು ಸಲ ಎಂಬುದನ್ನೂ ಹೇಳಬೇಕು. ಮೂರನೆಯದು ಪರಿಹಾರ ಕಾರ್ಯ. ಗುರುಗಳು ಪಾಪವಿಮೋಚನೆಯ ಮಾತು ಹೇಳುತ್ತಾರೆ, ನಿಜ. ಆದರೆ ಇಂದಿನ ಕ್ಯಾಥೊಲಿಕ್ ಧರ್ಮೋಪದೇಶದ ಅಧಿಕೃತ ಗ್ರಂಥ ಒಂದು ಮಾತನ್ನು ಬಿಡಿಸಿ ಹೇಳಿದೆ: ಪಾಪದಿಂದ ನೆರೆಯವನಿಗೆ ಹಾನಿಯಾಗಿದ್ದರೆ ಕೈಲಾದಷ್ಟನ್ನು ಸರಿಪಡಿಸಲೇಬೇಕು. ಕದ್ದದ್ದನ್ನು ಹಿಂದಿರುಗಿಸಬೇಕು, ಮಾನ ಕಳೆದಿದ್ದರೆ ಮಾನವನ್ನು ಮರಳಿ ಕೊಡಿಸಬೇಕು, ಗಾಯಕ್ಕೆ ಪರಿಹಾರ ಕೊಡಬೇಕು. ಕದ್ದ ಸೊತ್ತು ಕೈಯಲ್ಲಿದ್ದು, ಕೊಡುವ ಶಕ್ತಿಯೂ ಇದ್ದು, ಕೊಡಲಾರೆ ಎನ್ನುವವನ ದುಃಖವನ್ನು ಗುರುಗಳು ನಂಬಬೇಕಾಗಿಲ್ಲ. ಅವನಿಗೆ ಪಾಪವಿಮೋಚನೆಯನ್ನು ತಡೆಹಿಡಿಯಬಹುದು.

ಇದರಲ್ಲಿ ಸುಲಭವಾದದ್ದು ಏನಿದೆ? ಇನ್ನೊಬ್ಬ ಮನುಷ್ಯನ ಎದುರು ಮೊಣಕಾಲೂರಿ, ತಾನು ಇಂಥದ್ದೇ ನೀಚ ಕೆಲಸ ಮಾಡಿದೆ ಎಂದು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟವೆಂದು ಜೋಕು ಹೇಳಿ ನಗುವವರು ಒಮ್ಮೆ ಊಹಿಸಿ ನೋಡಲಿ. ಕೇಳಿಸಿಕೊಂಡ ಗುರುಗಳು ಅದನ್ನು ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಧರ್ಮಸಭೆಯ ಅತಿ ದೊಡ್ಡ ಶಿಕ್ಷೆಯಾದ ಬಹಿಷ್ಕಾರಕ್ಕೆ ಗುರಿಯಾಗುತ್ತಾರೆ.

ನಮ್ಮ ಭಿನ್ನಾಭಿಪ್ರಾಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. ದಾಸನಿಗೂ ಅಲ್ಲಾಹನಿಗೂ ನಡುವೆ ಯಾವ ಮಧ್ಯವರ್ತಿಯೂ ಬೇಕಿಲ್ಲ ಎಂಬುದು ನಮ್ಮ ನಂಬಿಕೆ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಲಾರರು ಎಂಬುದು ಕುರ್‌ಆನಿನ ಬೋಧನೆ. ಆದ್ದರಿಂದ ಶಿಲುಬೆಯ ಮೂಲಕ ಪಾಪಪರಿಹಾರ ಎಂಬ ಸಿದ್ಧಾಂತವನ್ನು ನಾವು ಒಪ್ಪುವುದಿಲ್ಲ. ಆದರೆ ಒಪ್ಪದಿರುವುದಕ್ಕೂ ಅಣಕಿಸುವುದಕ್ಕೂ ವ್ಯತ್ಯಾಸವಿದೆ. ಒಪ್ಪದಿರಬೇಕಾದರೆ ಮೊದಲು ಅದೇನೆಂದು ತಿಳಿದುಕೊಳ್ಳಬೇಕು. ಅಣಕಿಸಲು ತಿಳಿವಳಿಕೆಯ ಅಗತ್ಯವಿಲ್ಲ.

ಕ್ರೈಸ್ತರ ಸುವಾರ್ತೆಗಳಲ್ಲಿ ಜಕ್ಕಾಯನೆಂಬವನ ಕಥೆಯಿದೆ. ಯೆರಿಕೋ ಪಟ್ಟಣದ ಸುಂಕದವರಿಗೆ ಮುಖ್ಯಸ್ಥ, ಹಣವಂತ, ಕುಳ್ಳ. ಈಸಾ(ಅ)ರನ್ನು ನೋಡಲೆಂದು ಮರ ಹತ್ತಿದವನು. ಅವರು ಅವನನ್ನು ಹೆಸರಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲೇ ಉಳಿಯಬೇಕು ಎನ್ನುತ್ತಾರೆ. ಊರವರು ಗೊಣಗುತ್ತಾರೆ. ಆಗ ಜಕ್ಕಾಯ ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುವುದಾಗಿಯೂ ಹೇಳುತ್ತಾನೆ. ಅವನು ಅತ್ತನೆಂದು ಆ ಕಥೆಯಲ್ಲಿ ಎಲ್ಲಿಯೂ ಇಲ್ಲ. ಅವನು ಲೆಕ್ಕ ಮಾಡಿದನೆಂದು ಇದೆ.

ಪ್ರಾಟೆಸ್ಟೆಂಟ್ ಬಂಧುಗಳು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಕ್ಷಮೆ ದೇವರ ಉಚಿತ ವರ, ಅದನ್ನು ಕೊಟ್ಟು ಕೊಳ್ಳಲಾಗದು ಎಂಬುದು ಅವರ ಮೂಲ ನಂಬಿಕೆ. 1517ರಲ್ಲಿ ಮಾರ್ಟಿನ್ ಲೂಥರ್ ಸಿಡಿದೆದ್ದದ್ದೇ ಹಣ ಕೊಟ್ಟು ಪಾಪದ ಶಿಕ್ಷೆ ತಪ್ಪಿಸಿಕೊಳ್ಳುವ ಪತ್ರಗಳ ಮಾರಾಟದ ವಿರುದ್ಧ. ಅವನ 95 ವಾದಗಳಲ್ಲಿ ಮೊದಲನೆಯದೇ ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕು ಎಂಬ ಅರ್ಥದ್ದು. ಈ ಆಕ್ಷೇಪದಲ್ಲಿ ಹುರುಳಿದೆ. ಜಕ್ಕಾಯನ ಕಥೆಯಲ್ಲಿಯೂ ಈಸಾ(ಅ) ಅವನ ಮನೆಗೆ ಬರುವುದಾಗಿ ಹೇಳುವುದು ಮೊದಲು, ಅವನು ಕೊಡುವ ಮಾತಾಡುವುದು ಆಮೇಲೆ. ಹಿಂದಿರುಗಿಸುವುದು ಕ್ಷಮೆಯ ಬೆಲೆಯಲ್ಲ ಎಂದು ಬೇಕಾದರೆ ಒಪ್ಪೋಣ. ಆದರೆ ಅದು ಕ್ಷಮೆಯ ಫಲ. ಮರ ಬದುಕಿದೆಯೋ ಇಲ್ಲವೋ ಎಂದು ಹೇಳುವುದು ಫಲವೇ. ನಾವು ಯಹ್ಯಾ(ಅ) ಎಂದು ಗೌರವಿಸುವ ಸ್ನಾನಿಕ ಯೋಹಾನರು ಯೊರ್ದಾನ್ ನದಿಯ ಬಳಿ ಬಂದವರಿಗೆ ಕೇಳಿದ್ದೂ ಫಲವನ್ನೇ. ಏನು ಮಾಡಲಿ ಎಂದು ಕೇಳಿದ ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದರು. ಸಿಪಾಯಿಗಳಿಗೆ, ಯಾರನ್ನೂ ಬೆದರಿಸಿ ಹಣ ಕೀಳಬೇಡಿ ಎಂದರು. ಎರಡು ಅಂಗಿ ಇದ್ದವನಿಗೆ, ಇಲ್ಲದವನಿಗೆ ಒಂದನ್ನು ಕೊಡು ಎಂದರು. ನೀರಿನಲ್ಲಿ ಮುಳುಗಿ ಎದ್ದರೆ ಮುಗಿಯಿತು ಎಂದು ಅವರು ಯಾರಿಗೂ ಹೇಳಲಿಲ್ಲ.

ಈಸಾ(ಅ)ರ ಗುಡ್ಡದ ಪ್ರಸಂಗದಲ್ಲಿ ಇನ್ನೂ ಖಡಾಖಂಡಿತವಾದ ಬೋಧನೆ ಇದೆ. ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಿದ್ದೀಯೆ. ಸಹೋದರನಿಗೆ ನಿನ್ನ ಮೇಲೆ ದೂರಿದೆ ಎಂದು ಆಗ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ರಾಜಿಯಾಗಿ ಬರಬೇಕು. ಅಂದರೆ ದೇವರು ಕಾಯಲು ಸಿದ್ಧ, ನೊಂದವನನ್ನು ಕಾಯಿಸಕೂಡದು.

ಬೋಧನೆ ಇಷ್ಟು ಸ್ಪಷ್ಟವಿದ್ದ ಮೇಲೆ ಆಚರಣೆಯನ್ನು ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯ. ತಮಿಳುನಾಡಿನ ತಿರುಚಿನಾಪಳ್ಳಿಯ ಕ್ಯಾಥೊಲಿಕ್ ಸ್ಮಶಾನವೊಂದರಲ್ಲಿ ದಲಿತ ಕ್ರೈಸ್ತರ ಸಮಾಧಿಗಳನ್ನು ಬೇರ್ಪಡಿಸಲು ಗೋಡೆ ಎಬ್ಬಿಸಿದ್ದು ದೇಶಕ್ಕೆಲ್ಲ ಗೊತ್ತಾದ ಸುದ್ದಿ. ಜಾತಿಯ ಬೇಗೆಯಿಂದ ತಪ್ಪಿಸಿಕೊಳ್ಳಲು ಶಿಲುಬೆಯ ನೆರಳಿಗೆ ಬಂದವನಿಗೆ ಸತ್ತ ಮೇಲೂ ಗೋಡೆ. ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನ 2016ರ ಡಿಸೆಂಬರ್‌ನಲ್ಲಿ ದಲಿತರ ಸಬಲೀಕರಣದ ನೀತಿಯೊಂದನ್ನು ಹೊರತಂದು, ಧರ್ಮಸಭೆಯೊಳಗೆ ಜಾತಿ ತಾರತಮ್ಯ ಇದೆ ಎಂದು ಒಪ್ಪಿಕೊಂಡಿತು. ಇದ್ದದ್ದನ್ನು ಇದೆ ಎಂದು ಹೇಳಲು ಧೈರ್ಯ ಬೇಕು, ಅದಕ್ಕೆ ಗೌರವ ಸಲ್ಲಬೇಕು. ಆದರೆ ಅವರದ್ದೇ ಲೆಕ್ಕದ ಪ್ರಕಾರ ಇದು ಎರಡನೇ ಅಂಗ, ಹೆಸರಿಸಿ ಹೇಳುವುದು. ಮೂರನೆಯದು ಬಾಕಿ ಇದೆ. ಗೋಡೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಗುದ್ದಲಿ ಎತ್ತುವ ಕೆಲಸ ಅದು.

ಸಣ್ಣ ಪ್ರಾರ್ಥನಾ ಮಂದಿರಗಳ ಸಾಕ್ಷಿ ಹೇಳುವ ಪದ್ಧತಿಯ ಬಗೆಗೂ ಒಂದು ಮಾತು. ತಾನು ಕುಡುಕನಾಗಿದ್ದೆ, ಹೆಂಡತಿಯನ್ನು ಹೊಡೆಯುತ್ತಿದ್ದೆ, ಈಗ ಬಿಟ್ಟಿದ್ದೇನೆ ಎಂದು ಒಬ್ಬ ಎದ್ದು ನಿಂತು ಹೇಳುತ್ತಾನೆ. ಸಭೆ ಸಂತೋಷದಿಂದ ಸ್ತೋತ್ರ ಹೇಳುತ್ತದೆ. ಕುಡಿತ ಬಿಟ್ಟದ್ದು ಸಣ್ಣ ಸಂಗತಿಯಲ್ಲ. ಒಂದು ಮನೆಯ ಒಲೆ ಮತ್ತೆ ಉರಿದ ಹಾಗೆ. ಆದರೆ ಹೊಡೆಸಿಕೊಂಡವಳು ಅದೇ ಸಭೆಯ ಇನ್ನೊಂದು ಬದಿಯಲ್ಲಿ ಕುಳಿತಿರುತ್ತಾಳೆ. ಅವಳಿಗೆ ಮೈಕು ಕೊಟ್ಟು, ನಿನಗೇನು ಬಾಕಿ ಇದೆಯಮ್ಮ ಎಂದು ಕೇಳುವ ಪಾಸ್ಟರ್ ಎಷ್ಟು ಮಂದಿ? ಹೊಡೆದವನ ಕಥೆಯೇ ಸಾಕ್ಷಿಯಾಗಿ, ಹೊಡೆಸಿಕೊಂಡವಳ ಕಥೆ ಹಿನ್ನೆಲೆಯಾಗಿಬಿಟ್ಟರೆ ಪಶ್ಚಾತ್ತಾಪವೂ ಗಂಡಸಿನ ಹೆಗ್ಗಳಿಕೆಯೇ ಆಗುತ್ತದೆ.

ದೊಡ್ಡ ಮಟ್ಟದಲ್ಲಿಯೂ ಇದೇ ಪ್ರಶ್ನೆ. ಕೆನಡಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯರಿಂದ ಕಿತ್ತು ವಸತಿಶಾಲೆಗಳಿಗೆ ತಳ್ಳಿ, ಅವರ ಭಾಷೆಯನ್ನೂ ಬದುಕನ್ನೂ ಅಳಿಸಿದ ಕೃತ್ಯದಲ್ಲಿ ಕ್ರೈಸ್ತ ಸಂಸ್ಥೆಗಳು ಪಾಲುದಾರರಾಗಿದ್ದವು. 2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೆ ಹೋಗಿ ಕ್ಷಮೆ ಕೇಳಿದರು. ಅದನ್ನು ಪಶ್ಚಾತ್ತಾಪದ ಯಾತ್ರೆ ಎಂದೇ ಕರೆದರು. ನೊಂದವರಲ್ಲಿ ಹಲವರು ಕೈಮುಗಿದರು. ಹಲವರು, ಮಾತು ಬಂತು, ನಮ್ಮ ವಸ್ತುಗಳು, ನಮ್ಮ ಮಕ್ಕಳ ದಾಖಲೆಗಳು ಎಲ್ಲಿ ಎಂದು ಕೇಳಿದರು. 2025ರ ನವೆಂಬರ್‌ನಲ್ಲಿ ಪೋಪ್ ಹದಿನಾಲ್ಕನೇ ಲಿಯೋ ವ್ಯಾಟಿಕನ್ ಸಂಗ್ರಹದಲ್ಲಿದ್ದ ಆ ಜನರ 62 ವಸ್ತುಗಳನ್ನು ಕೆನಡಾದ ಬಿಷಪರ ಮೂಲಕ ಹಿಂದಿರುಗಿಸಿದರು. ಕ್ಷಮೆಯ ಮಾತಿಗೂ ವಸ್ತು ಹೊರಡುವುದಕ್ಕೂ ನಡುವೆ ಮೂರು ವರ್ಷ. ತಡವಾಯಿತು, ಆದರೂ ದಿಕ್ಕು ಸರಿಯಿದೆ.

ಈಗ ನಮ್ಮ ಮನೆಗೆ ಬರೋಣ. ಇಷ್ಟು ಹೊತ್ತು ತಲೆದೂಗುತ್ತಿದ್ದ ನಮ್ಮವರಿಗೆ ಮುಂದಿನ ಮಾತು ರುಚಿಸಲಾರದು.

ತೌಬಾದ ಷರತ್ತುಗಳನ್ನು ನಮ್ಮ ಉಲಮಾಗಳು ಶತಮಾನಗಳ ಹಿಂದೆಯೇ ಪಟ್ಟಿ ಮಾಡಿದ್ದಾರೆ. ಹದಿಮೂರನೇ ಶತಮಾನದ ಇಮಾಮ್ ನವವಿಯವರು 'ರಿಯಾಝುಸ್ಸಾಲಿಹೀನ್' ಗ್ರಂಥದಲ್ಲಿ ಅದನ್ನು ಹೀಗೆ ವಿವರಿಸುತ್ತಾರೆ: ಪಾಪ ಅಲ್ಲಾಹನ ಹಕ್ಕಿಗೆ ಮಾತ್ರ ಸಂಬಂಧಿಸಿದ್ದರೆ ಷರತ್ತು ಮೂರು. ಪಾಪವನ್ನು ಬಿಡಬೇಕು, ಮಾಡಿದ್ದಕ್ಕೆ ಮರುಗಬೇಕು, ಮತ್ತೆ ಮಾಡುವುದಿಲ್ಲವೆಂದು ನಿಶ್ಚಯಿಸಬೇಕು. ಪಾಪ ಮನುಷ್ಯನ ಹಕ್ಕಿಗೆ ಸಂಬಂಧಿಸಿದ್ದರೆ ನಾಲ್ಕನೆಯದೊಂದು ಸೇರುತ್ತದೆ: ಆ ಹಕ್ಕನ್ನು ಹಕ್ಕುದಾರನಿಗೆ ಮರಳಿಸಬೇಕು. ಒಂದೂ ತಪ್ಪಿದರೆ ತೌಬಾ ಸರಿಯಾಗುವುದಿಲ್ಲ. ಹುಕೂಕುಲ್ ಇಬಾದ್, ಅಂದರೆ ದಾಸರ ಹಕ್ಕುಗಳು ಎಂದು ನಮ್ಮ ಖತೀಬರು ಹೇಳುವುದು ಇದನ್ನೇ. ಹುತಾತ್ಮನ ಎಲ್ಲ ಪಾಪಗಳಿಗೂ ಕ್ಷಮೆಯಿದೆ, ಸಾಲವೊಂದನ್ನು ಬಿಟ್ಟು ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ನಮಾಝ್, ರೋಝಾ, ಝಕಾತ್‌ಗಳ ದೊಡ್ಡ ಗಂಟು ಹೊತ್ತು ತಂದರೂ ಯಾರನ್ನೋ ಬೈದು, ಯಾರ ಮೇಲೋ ಅಪವಾದ ಹೊರಿಸಿ, ಯಾರದೋ ಹಣ ತಿಂದು ಬಂದವನು ಪರಲೋಕದಲ್ಲಿ ದಿವಾಳಿ ಎಂದೂ ಹೇಳಿದ್ದಾರೆ. ಅವನ ಪುಣ್ಯವನ್ನೆಲ್ಲ ನೊಂದವರಿಗೆ ಹಂಚಿಬಿಡಲಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಸಮುದಾಯದಲ್ಲಿ ತೌಬಾ ಎಂದರೆ ಎರಡೂ ಕೆನ್ನೆ ಮುಟ್ಟಿಕೊಳ್ಳುವ ಒಂದು ಅಭ್ಯಾಸವಾಗಿಬಿಟ್ಟಿದೆ. ಹಜ್‌ಗೆ ಹೊರಟವರು ಮನೆಮನೆಗೆ ಹೋಗಿ 'ಕಹಾ ಸುನಾ ಮಾಫ್ ಕರ್‌ನಾ' ಎನ್ನುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಯಾವ ಮಾತು, ಯಾವ ಕೆಲಸ ಎಂದು ಕೇಳುವವನೂ ಇಲ್ಲ, ಹೇಳುವವನೂ ಇಲ್ಲ. ಐದು ವರ್ಷದಿಂದ ಅಂಗಡಿ ಬಾಕಿ ಉಳಿಸಿಕೊಂಡವನೂ ಅದೇ ಮಾತು ಹೇಳಿ ಶರಬತ್ತು ಕುಡಿದು ಎದ್ದು ಹೋಗುತ್ತಾನೆ. ಶಬೇ ಬರಾತಿನ ಸಂಜೆ ಮೊಬೈಲಿನಲ್ಲಿ ಇನ್ನೂರು ಮಂದಿಗೆ ಒಂದೇ ಸಂದೇಶ ಹೋಗುತ್ತದೆ: ತಪ್ಪಿದ್ದರೆ ಕ್ಷಮಿಸಿ. ಇನ್ನೂರು ಮಂದಿಗೆ ಒಟ್ಟಿಗೆ ಕೇಳಿದ ಕ್ಷಮೆ ಒಬ್ಬರಿಗೂ ತಲುಪಿರುವುದಿಲ್ಲ. ಪಾದ್ರಿಯ ಎದುರು ಪಾಪದ ಹೆಸರು ಹೇಳಲೇಬೇಕಾದ ಕ್ಯಾಥೊಲಿಕನನ್ನು ನೋಡಿ ನಗುವ ಮುನ್ನ ನಾವು ಹೆಸರು ಹೇಳಿ ಕ್ಷಮೆ ಕೇಳಿದ್ದು ಯಾವಾಗ ಎಂದು ನಮ್ಮವರು ಕೇಳಿಕೊಳ್ಳಲಿ.

ಗಂಡನ ಮಯ್ಯತ್ ಅಂಗಳದಲ್ಲಿ ಇರುವಾಗ ಹೆಂಡತಿಯನ್ನು ಕರೆತಂದು, 'ಮೆಹರ್ ಮಾಫ್ ಮಾಡಿದೆ ಅನ್ನಮ್ಮ' ಎಂದು ಹೇಳಿಸುವ ದೃಶ್ಯ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮೂವತ್ತು ನಲವತ್ತು ವರ್ಷ ಸಂಸಾರ ಮಾಡಿದವನು ಕೊಡಬೇಕಾದ್ದನ್ನು ಕೊಡದೆ ಹೋಗಿದ್ದಾನೆ. ಸುತ್ತ ಮೈದುನರು, ಭಾವಂದಿರು ನಿಂತಿದ್ದಾರೆ. ಅಳುತ್ತಿರುವ ಆ ಹೆಂಗಸು 'ಇಲ್ಲ, ನನ್ನ ಹಕ್ಕು ಕೊಡಿ' ಎನ್ನಲು ಸಾಧ್ಯವೇ? ಇದು ಕ್ಷಮೆಯಲ್ಲ, ವಸೂಲಿ. ಸಾಲಗಾರ ಸಾಲ ಕೊಟ್ಟವಳಿಂದ ಮಾಡುವ ವಸೂಲಿ.

ತಂದೆಯ ಮನೆಯಲ್ಲಿ ಕುರ್‌ಆನ್ ನಿಗದಿಪಡಿಸಿದ ಪಾಲು ತಂಗಿಗೆ ಸಿಗದಿರುವುದೂ ಹೀಗೆಯೇ. 'ಅವಳೇ ಬೇಡವೆಂದು ಸಹಿ ಹಾಕಿದಳು' ಎನ್ನುತ್ತಾರೆ. ಸಹಿ ಹಾಕದಿದ್ದರೆ ಈದ್‌ಗೆ ತವರಿನ ಬಾಗಿಲು ಮುಚ್ಚುತ್ತದೆ ಎಂಬುದು ಅವಳಿಗೆ ಗೊತ್ತು. ಅವಳ ಪಾಲಿನ ಜಾಗದಲ್ಲಿ ಅಣ್ಣ ಮಳಿಗೆ ಕಟ್ಟಿಸಿ, ಅದರ ಬಾಡಿಗೆಯಲ್ಲಿ ಉಮ್ರಾಕ್ಕೆ ಹೋಗಿ ಕಾಬಾದ ಗೋಡೆಗೆ ಹಣೆ ಹಚ್ಚಿ ಅಳುತ್ತಾನೆ. ಆ ಕಣ್ಣೀರು ಸುಳ್ಳೆಂದು ನಾವು ಹೇಳುವುದಿಲ್ಲ. ಅದು ತಪ್ಪು ವಿಳಾಸಕ್ಕೆ ಹೋಯಿತು ಎನ್ನುತ್ತೇವೆ. ತಂಗಿ ಇಲ್ಲೇ, ನಾಲ್ಕು ಬೀದಿ ಆಚೆ, ಬಾಡಿಗೆ ಮನೆಯಲ್ಲಿದ್ದಾಳೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ನಾಡಿಗೆಲ್ಲ ಹೆಸರಾದವು. ಮಾಲೀಕರಲ್ಲಿಯೂ ಕೂಲಿಗಳಲ್ಲಿಯೂ ನಮ್ಮವರು ಬಹಳ ಮಂದಿ. ಬೆಳಗಿನ ಜಾವದಿಂದ ಕಾದ ಮರಳಿನ ಮುಂದೆ ನಿಂತು ಹೊಗೆ ಕುಡಿಯುವ ಕೂಲಿಯನ್ನು ಮುಂಗಡದ ಸಾಲದಲ್ಲಿ ಕಟ್ಟಿಹಾಕಿ, ಶಾಲೆಗೆ ಹೋಗಬೇಕಾದ ಅವನ ಮಗನನ್ನೂ ಚೀಲ ಹೊಲಿಯಲು ಕೂರಿಸಿಕೊಂಡ ಮಾಲೀಕ ಯಾವನಾದರೂ ಇದ್ದರೆ, ರಮಝಾನಿನ ಕೊನೆಯ ಹತ್ತು ರಾತ್ರಿ ಅವನು ಎಷ್ಟು ಜಾಗರಣೆ ಮಾಡಿದರೂ ಆ ಹುಡುಗನ ಲೆಕ್ಕ ಹಾಗೆಯೇ ಉಳಿಯುತ್ತದೆ. ಪಿಂಜಾರರ ಮನೆಗೆ ಹೆಣ್ಣು ಕೊಡಲು ಮುಖ ಸಿಂಡರಿಸುವವರು ತಿರುಚಿನಾಪಳ್ಳಿಯ ಗೋಡೆಯ ಬಗ್ಗೆ ಮಾತಾಡುವಾಗ ದನಿ ತಗ್ಗಿಸುವುದು ಒಳ್ಳೆಯದು.

'ಇಸ್ಲಾಮಿನಲ್ಲಿ ಪಾಪವನ್ನು ಮುಚ್ಚಿಡಬೇಕಲ್ಲವೇ, ಊರಿಗೆ ಸಾರಬಾರದಲ್ಲವೇ' ಎಂದು ಕೇಳುವವರಿದ್ದಾರೆ. ಹೌದು, ಅಲ್ಲಾಹನು ಮುಚ್ಚಿದ ತಪ್ಪನ್ನು ತಾನೇ ಬಿಚ್ಚಿ ಹೇಳಿಕೊಂಡು ತಿರುಗುವವನನ್ನು ಪ್ರವಾದಿ(ಸ) ಖಂಡಿಸಿದ್ದಾರೆ. ಆದರೆ ಆ ತೆರೆ ದಾಸನಿಗೂ ಅವನ ಒಡೆಯನಿಗೂ ನಡುವಿನ ಪಾಪಕ್ಕೆ. ತಂಗಿಯ ಜಾಗ ನುಂಗಿದ್ದು ಗುಟ್ಟಿನ ಪಾಪವಲ್ಲ; ಅದು ತಂಗಿಗೂ ಗೊತ್ತು, ಓಣಿಗೂ ಗೊತ್ತು. ಅವಳಿಂದ ಮುಚ್ಚಿಡುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ.

ವ್ಯಕ್ತಿಗಳ ಮಾತಾಯಿತು. ಒಂದು ಊರು ಪಶ್ಚಾತ್ತಾಪಪಡಬಹುದೇ? ಪಡಬಹುದು ಎಂದು ಎರಡೂ ಗ್ರಂಥಗಳು ಹೇಳುತ್ತವೆ. ಕ್ರೈಸ್ತರು ಯೋನ ಎನ್ನುವ ಪ್ರವಾದಿಯೇ ನಮ್ಮ ಯೂನುಸ್(ಅ). ಅವರು ಎಚ್ಚರಿಸಿದ ನಿನೆವೆ ಪಟ್ಟಣದ ಜನ, ಬೈಬಲ್ಲಿನ ಪ್ರಕಾರ, ಅರಸನಿಂದ ಹಿಡಿದು ಎಲ್ಲರೂ ಗೋಣಿತಟ್ಟು ಉಟ್ಟರು, ಅರಸ ಬೂದಿಯಲ್ಲಿ ಕುಳಿತ. ಅಷ್ಟೇ ಆಗಿದ್ದರೆ ಅದೂ ಒಂದು ಆಚರಣೆಯಾಗುತ್ತಿತ್ತು. ಕೈಯಲ್ಲಿದ್ದ ಹಿಂಸೆಯನ್ನೂ ಬಿಡಬೇಕೆಂದು ಅರಸ ಆಜ್ಞೆ ಮಾಡಿದ. ಕುರ್‌ಆನಿನಲ್ಲಿ ಕೂಡ ಕೊನೆ ಗಳಿಗೆಯಲ್ಲಿ ನಂಬಿ ಉಳಿದುಕೊಂಡ ಊರೆಂದು ಯೂನುಸ್(ಅ)ರ ಜನರನ್ನು ಹೆಸರಿಸಲಾಗಿದೆ. ನಮ್ಮ ತಫ್ಸೀರುಗಳಲ್ಲಿ ಇಬ್ನು ಮಸ್‌ಊದ್(ರ)ರಿಂದ ಬಂದ ಒಂದು ವಿವರಣೆ ಇದೆ. ಆ ಜನ ಒಬ್ಬರಿಗೊಬ್ಬರು ಮಾಡಿದ ಅನ್ಯಾಯವನ್ನೆಲ್ಲ ಎಷ್ಟರ ಮಟ್ಟಿಗೆ ಸರಿಪಡಿಸಿದರೆಂದರೆ, ಬೇರೆಯವನ ಕಲ್ಲನ್ನು ತನ್ನ ಮನೆಯ ಅಡಿಪಾಯಕ್ಕೆ ಹಾಕಿದ್ದವನು ಅಡಿಪಾಯ ಕಿತ್ತು ಆ ಕಲ್ಲನ್ನು ಅದರ ಒಡೆಯನಿಗೆ ತಲುಪಿಸಿದ. ಯಹೂದಿಗಳ ತಾಲ್ಮೂದಿನಲ್ಲಿಯೂ ನಿನೆವೆಯ ಬಗ್ಗೆ ಇಂಥದ್ದೇ ಮಾತಿದೆ; ಅಲ್ಲಿ ಕಲ್ಲಿನ ಬದಲು ಮರದ ತೊಲೆ. ಕದ್ದ ತೊಲೆಗಾಗಿ ಇಡೀ ಮನೆಯನ್ನೇ ಕೆಡವುವುದು. ಮೂರು ಧರ್ಮಗಳ ಹಿರಿಯರಿಗೂ ನಿನೆವೆಯ ಗೋಣಿತಟ್ಟಿಗಿಂತ ಅದು ಹಿಂದಿರುಗಿಸಿದ್ದು ಮುಖ್ಯವಾಗಿತ್ತು.

ಈ ಅಳತೆಗೋಲು ಹಿಡಿದು ನಮ್ಮ ಊರನ್ನು ನೋಡೋಣ. 1990ರ ಅಕ್ಟೋಬರ್‌ನಲ್ಲಿ ರಾಮಜ್ಯೋತಿ ಮೆರವಣಿಗೆಯ ದಿನಗಳಲ್ಲಿ ದಾವಣಗೆರೆ ಹೊತ್ತಿ ಉರಿಯಿತು. ಜೀವಗಳು ಹೋದವು, ಅಂಗಡಿಗಳು, ಮನೆಗಳು ಬೂದಿಯಾದವು. ಆ ತಿಂಗಳ ಗಲಭೆಗಳ ಬೆನ್ನಲ್ಲೇ ಮುಖ್ಯಮಂತ್ರಿ ವೀರೇಂದ್ರ ಪಾಟೀಲರ ಕುರ್ಚಿ ಹೋಯಿತು. ರಾಜಕೀಯ ಇತಿಹಾಸ ಬರೆಯುವವರು ಕುರ್ಚಿ ಹೋದದ್ದನ್ನು ವಿವರವಾಗಿ ಬರೆದರು. ಮನೆ ಹೋದವರ ಪಟ್ಟಿ ಯಾವ ಓಣಿಯ ಬಾಯಲ್ಲಿ ಇದೆಯೋ ಅಲ್ಲೇ ಉಳಿಯಿತು. ಮೂವತ್ತೈದು ವರ್ಷ ಕಳೆದಿದೆ. ಅಂದು ಒಡೆದ ಅಂಗಡಿಯಿಂದ ಹೊತ್ತೊಯ್ದ ಹೊಲಿಗೆ ಯಂತ್ರವೋ, ಬಟ್ಟೆಯ ಥಾನೋ, ಹಿತ್ತಾಳೆಯ ಹಂಡೆಯೋ ಈ ಊರಿನ ಯಾವುದೋ ಮನೆಯಲ್ಲಿ ಇದ್ದಿರಲೇಬೇಕು. ಆ ಮನೆಯವರು ಹಿಂದೂಗಳೋ ಮುಸ್ಲಿಮರೋ ಎಂಬುದು ನಮ್ಮ ಪ್ರಶ್ನೆಯಲ್ಲ. ಕಲ್ಲು ಯಾರ ಅಡಿಪಾಯದಲ್ಲಿದ್ದರೂ ಕದ್ದ ಕಲ್ಲೇ.

ಸೆಪ್ಟೆಂಬರ್ 14, 2008ರ ಭಾನುವಾರ ಮಂಗಳೂರಿನ ಆದೊರೇಷನ್ ಮಠದೊಳಗೆ ನುಗ್ಗಿ ಶಿಲುಬೆಯನ್ನು ಒಡೆದರು. ಆ ದಿನಗಳಲ್ಲಿ ರಾಜ್ಯದ ಹಲವೆಡೆ ಚರ್ಚ್‌ಗಳ ಮೇಲೆ ದಾಳಿ ನಡೆಯಿತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಅವರ ಆಯೋಗ ರಚನೆಯಾಗಿ 2011ರ ಜನವರಿಯಲ್ಲಿ ಅಂತಿಮ ವರದಿ ಬಂತು. ವರದಿಯ ನಿರ್ಣಯಗಳ ಬಗ್ಗೆ ಕ್ರೈಸ್ತರಿಗೆ ತೀವ್ರ ಅಸಮಾಧಾನವಿತ್ತು. ಅದರ ಚರ್ಚೆ ಬೇರೆ. ಸರಕಾರಗಳು ಆಯೋಗ ರಚಿಸುವುದನ್ನೇ ಪಶ್ಚಾತ್ತಾಪವೆಂದು ತಿಳಿದುಕೊಂಡಿವೆ ಎಂಬುದು ನಮ್ಮ ದೂರು. ಕಡತ ಮುಚ್ಚಿದರೆ ಪಾಪ ಮುಚ್ಚಿತು ಎನ್ನುವ ಈ ಸರಕಾರಿ ಪಾಪನಿವೇದನೆಯ ಮುಂದೆ ಪಾದ್ರಿಯ ಕಿವಿ ಎಷ್ಟೋ ಮೇಲು. ಅಲ್ಲಿ ಪಾಪಿಯಾದರೂ ತಾನೇ ಬಂದು ಮೊಣಕಾಲೂರುತ್ತಾನೆ.

ಹಳೆಯದನ್ನು ಕೆದಕಿದರೆ ಗಾಯ ಮತ್ತೆ ಹಸಿಯಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಶಾಂತಿ ಬಯಸಿಯೇ ಹೇಳುತ್ತಾರೆ ಎಂದು ನಂಬುತ್ತೇವೆ. ಆದರೆ ಕೀವು ತುಂಬಿದ ಗಾಯವನ್ನು ಬಟ್ಟೆ ಕಟ್ಟಿ ಮುಚ್ಚುವುದನ್ನು ಯಾವ ವೈದ್ಯನೂ ಚಿಕಿತ್ಸೆ ಎನ್ನುವುದಿಲ್ಲ. ಮರೆತುಬಿಡಿ ಎಂದು ಹೇಳುವ ಹಕ್ಕು ಇರುವುದು ಕಳೆದುಕೊಂಡವನಿಗೆ. ಕಿತ್ತುಕೊಂಡವನು ಅದನ್ನು ಹೇಳತೊಡಗಿದರೆ ಅದು ಎರಡನೇ ಲೂಟಿ.

ಆದ್ದರಿಂದ ನಮ್ಮ ಬೇಡಿಕೆಗಳು ದೊಡ್ಡವಲ್ಲ. ಮುಂದಿನ ರಮಝಾನಿನಲ್ಲಿ ದಾವಣಗೆರೆ ಮತ್ತು ಹರಿಹರದ ಮಸೀದಿಗಳು ಒಂದು ಜುಮಾವನ್ನಾದರೂ ಮೆಹರ್ ಮತ್ತು ತಂಗಿಯ ಪಾಲಿಗೆ ಮೀಸಲಿಡಲಿ. ಖುತ್ಬಾ ಮುಗಿದ ಮೇಲೆ ಜಮಾಅತ್ ಸಮಿತಿಗಳು ಒಂದು ದಫ್ತರ ತೆರೆದು ಕೂರಲಿ. ಬಾಕಿ ಉಳಿಸಿಕೊಂಡವರು ಬಂದು ಬರೆಸಿ, ತೀರಿಸುವ ಗಡುವು ಹೇಳಲಿ. ಮಯ್ಯತ್ತಿನ ಮುಂದೆ ಮೆಹರ್ ಮಾಫ್ ಮಾಡಿಸುವುದನ್ನು ಇಮಾಮರು ಅಲ್ಲೇ ತಡೆಯಲಿ. ತಪಸ್ಸು ಕಾಲದಲ್ಲಿ ನಮ್ಮ ಕ್ರೈಸ್ತ ಬಂಧುಗಳು ತಮ್ಮ ಸಭೆಗಳೊಳಗೆ ಜಾತಿಯ ಗೋಡೆಗಳು ಎಲ್ಲಿವೆ ಎಂದು ಹುಡುಕಲಿ, ಸಾಕ್ಷಿಯ ಮೈಕನ್ನು ನೊಂದವರ ಕೈಗೂ ಕೊಡಲಿ. ಈ ಎರಡು ಊರುಗಳ ಬರಹಗಾರರು, ವಕೀಲರು, ಮೇಷ್ಟರುಗಳು, ಯಾವ ಧರ್ಮದವರಾದರೂ ಸರಿ, ಸೇರಿ 1990ರಲ್ಲಿ ಯಾರು ಏನು ಕಳೆದುಕೊಂಡರು ಎಂಬ ಪಟ್ಟಿಯನ್ನು ಮನೆಮನೆಗೆ ಹೋಗಿ ಬರೆದುಕೊಳ್ಳಲಿ. ಪೊಲೀಸ್ ಕೇಸಿಗಾಗಿ ಈ ಪಟ್ಟಿ ಬೇಕಾಗಿಲ್ಲ. ಹೋಗಬೇಕಾದ ಬಾಗಿಲು ಯಾವುದೆಂದು ಮುಂದಿನವರಿಗೆ ತಿಳಿದಿರಬೇಕು, ಅಷ್ಟೇ.

ಅಂದು ಮೂವತ್ತರ ಹರೆಯದಲ್ಲಿದ್ದವರು ಈಗ ಅರವತ್ತೈದು ದಾಟಿದ್ದಾರೆ. ಕಳೆದುಕೊಂಡವರೂ, ಕಿತ್ತುಕೊಂಡವರೂ. ಅವರಲ್ಲಿ ಪ್ರತಿ ವರ್ಷ ಕೆಲವರು ಕಡಿಮೆಯಾಗುತ್ತಿದ್ದಾರೆ. ಹೋಗುವುದಾದರೆ ಈಗಲೇ ಹೋಗಬೇಕು.